ಯಾರೂ ಓದದ ಎರಡನೇ ಕೋಷ್ಟಕ

ಕಡ್ಡಿ ಎಂಬ ಹೆಸರು ಅವಳಿಗೆ ಎರಡು ಸಲ ಬಂದಿತ್ತು. ಚಿಕ್ಕವಳಿದ್ದಾಗ ಗಾಳಿಗೆ ಹಾರಿಹೋಗುವಷ್ಟು ಸಣಕಲು ಎಂದು ಅಕ್ಕ ಹಾಗೆ ಕರೆದಳು. ಮುಂದೆ ಮೈಕೈ ತುಂಬಿಕೊಂಡು, ಸೋಂಕು ರೋಗಗಳ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿ ಸೇರಿದ ಮೇಲೆ, ಅಕ್ಕನನ್ನು ಕಂಡೇ ಇಲ್ಲದ ಸಹೋದ್ಯೋಗಿಗಳು ಅದೇ ಹೆಸರನ್ನು ಹೊಸದಾಗಿ ಇಟ್ಟರು. ಅವಳ ಮಾತೆಂದರೆ ಕಡ್ಡಿ ಮುರಿದ ಹಾಗೆ. ಎದುರಿಗೆ ಮೇಡಂ, ಬೆನ್ನ ಹಿಂದೆ ಕಡ್ಡಿ. ಅದು ಅವಳಿಗೂ ಗೊತ್ತಿತ್ತು; ಬೇಸರವೇನೂ ಇರಲಿಲ್ಲ.

ಆ ಮಧ್ಯಾಹ್ನ ಸಂಸ್ಥೆಯ ಸಭಾಂಗಣದಲ್ಲಿ ಅವಳಿಗೆ ಸನ್ಮಾನ. ಇಲಿ ಜ್ವರವನ್ನು ಪತ್ತೆ ಮಾಡುವ ಒಂದು ಸ್ಟ್ರಿಪ್ ಪರೀಕ್ಷೆಯ ಬಗ್ಗೆ ಅವಳು ಹಿಂದೆ ಒಂದು ಪ್ರಬಂಧ ಬರೆದಿದ್ದಳು. ಎಲ್ಲೆಲ್ಲಿಯೋ ಇರುವ ಸಂಶೋಧಕರು ತಮ್ಮ ಬರಹಗಳಲ್ಲಿ ಅದನ್ನು ಉಲ್ಲೇಖಿಸುತ್ತ ಬಂದು, ಉಲ್ಲೇಖಗಳ ಸಂಖ್ಯೆ ಈಗ ಸಾವಿರ ದಾಟಿತ್ತು. ಆ ಸಂಸ್ಥೆ ಹುಟ್ಟಿದಾಗಿನಿಂದ ಯಾರ ಪ್ರಬಂಧಕ್ಕೂ ಅಂಥ ಯೋಗ ಬಂದಿರಲಿಲ್ಲ. ಸಾಲದ್ದಕ್ಕೆ ಮುಂದಿನ ತಿಂಗಳು ಸಂಸ್ಥೆಗೆ ದರ್ಜೆ ಕೊಡುವ ಮೌಲ್ಯಮಾಪನ ಸಮಿತಿ ಬರುವುದಿತ್ತು. ಹಾಗಾಗಿ ನಿರ್ದೇಶಕರು ಗಾಜಿನ ಫಲಕ ಮಾಡಿಸಿ, ಎಲ್ಲರಿಗೂ ಟೀ ಬಿಸ್ಕತ್ತು ಇಡಿಸಿ, ಫೋಟೋ ತೆಗೆಯುವವನನ್ನೂ ಕರೆಸಿದ್ದರು.

ನಿರ್ದೇಶಕರಿಗೂ ಒಂದು ಅಡ್ಡಹೆಸರಿತ್ತು: ಸಹಿ ಸಾಹೇಬರು. ಸಂಸ್ಥೆಯಿಂದ ಹೊರಬೀಳುವ ಯಾವ ಪ್ರಬಂಧವೇ ಆಗಲಿ, ಬರೆದವರ ಸಾಲಿನಲ್ಲಿ ಕೊನೆಯ ಹೆಸರು ಅವರದೇ. ಸೊಳ್ಳೆಯ ಬಗ್ಗೆ ಬರೆಯಿರಿ, ಸಿಡುಬಿನ ಬಗ್ಗೆ ಬರೆಯಿರಿ, ಹಿಂಬಾಗಿಲಲ್ಲಿ ಅವರು ಕೂತೇ ಇರುತ್ತಿದ್ದರು.

"ಇಲಿ ಜ್ವರದ ಟೆಸ್ಟ್ ಬಗ್ಗೆ ಪ್ರಪಂಚದಲ್ಲಿ ಯಾರೇ ಬರೀಲಿ, ನಮ್ಮ ಪೇಪರ್ ಹೆಸರು ಹೇಳದೆ ಮುಂದಕ್ಕೆ ಹೋಗೋ ಹಾಗಿಲ್ಲ," ಎಂದು ಅವರು ಮೈಕಿನಲ್ಲಿ ಹೇಳಿದಾಗ ಚಪ್ಪಾಳೆ ಬಿತ್ತು. ಕಡ್ಡಿಗೂ ಒಳಗೊಳಗೇ ಖುಷಿಯಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅವಳು ಇಲಿಯ ರಕ್ತ, ಮನುಷ್ಯರ ರಕ್ತ ಎಂದು ವರ್ಷಗಟ್ಟಲೆ ಒದ್ದಾಡಿ ಹೆತ್ತ ಪ್ರಬಂಧ ಅದು.

ಫಲಕ ಕೈಗೆ ಬರುವಷ್ಟರಲ್ಲಿ ಜೇಬಿನ ಫೋನು ನಡುಗತೊಡಗಿತು. ನಿಂತಿತು, ಮತ್ತೆ ನಡುಗಿತು. ಅವಳು ಫೋಟೋದವನಿಗೆ ಮುಖ ಕೊಟ್ಟು, ಪಕ್ಕದ ಬಾಗಿಲಿಂದ ಹೊರಬಂದಳು.

"ಕಡ್ಡೀ, ನಿನ್ನ ಭಾವನ್ನ ದೊಡ್ಡಾಸ್ಪತ್ರೆಗೆ ಸೇರ್ಸಿದೀವಿ," ಎಂದಳು ಅಕ್ಕ. "ಕಣ್ಣೆಲ್ಲ ಹಳದಿ ಆಗ್ಬಿಟ್ಟಿದೆ ಕಣೇ. ನಿನ್ನೆಯಿಂದ ಮೂತ್ರ ಬಂದಿಲ್ಲ."

ಕಡ್ಡಿ ಫಲಕವನ್ನು ಕೈಯಲ್ಲಿ ಹಿಡಿದುಕೊಂಡೇ ಆಟೋ ಹತ್ತಿದಳು.

ಭಾವ ಎಂದರೆ ಅವಳಿಗೆ ಬರೀ ಅಕ್ಕನ ಗಂಡನಲ್ಲ. ಅಪ್ಪ ಹೋದ ವರ್ಷ, ಈ ಹುಡುಗಿಯನ್ನು ಯಾವುದಾದರೂ ಅಂಗಡಿಗೆ ಸೇರಿಸಿಬಿಡೋಣ ಎಂದು ನೆಂಟರೆಲ್ಲ ಹೇಳುತ್ತಿದ್ದಾಗ, "ಓದೋ ಮಗು ಓದ್ಲಿ, ನಿಮ್ಮ ಗಂಟೇನು ಹೋಗುತ್ತೆ?" ಎಂದು ಅಡ್ಡ ನಿಂತವನು ಅವನು. ನಗರದ ಕೊಳಚೆ ನೀರನ್ನು ಎತ್ತಿ ಹಾಕುವ ಪಂಪ್‌ಹೌಸಿನಲ್ಲಿ ಅವನ ಕೆಲಸ. ಎರಡು ವಾರದ ಹಿಂದೆ ಪಂಪಿಗೆ ಕಸ ಸಿಕ್ಕಿಕೊಂಡಾಗ ಅವನೂ, ಉದ್ದಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ಅವನ ಜೊತೆಗಾರನೂ ಮೊಣಕಾಲವರೆಗೆ ನೀರಿಗಿಳಿದು ಬಿಡಿಸಿದ್ದರು. ಆಮೇಲೆ ಇಬ್ಬರಿಗೂ ಹೆಚ್ಚುಕಡಿಮೆ ಒಟ್ಟಿಗೇ ಜ್ವರ ಬಂತು.

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಅಕ್ಕ ಸಿಕ್ಕಳು. "ಜ್ವರ ಬಂದ ಎರಡನೇ ದಿನಾನೇ ಇಲ್ಲಿಗೆ ಬಂದಿದ್ವಿ. ಉದ್ದಣ್ಣನೂ ಜೊತೆಗೇ ಬಂದಿದ್ದ. ಕೊಚ್ಚೆ ನೀರಲ್ಲಿ ನಿಂತಿದ್ರು ಅಂತ ನಾನೇ ಬಾಯ್ಬಿಟ್ಟು ಹೇಳ್ದೆ. ಬೆರಳಿಂದ ರಕ್ತ ತೆಗೆದು ಯಾವ್ದೋ ಪಟ್ಟಿ ಮೇಲೆ ಹಾಕಿ, ಇಲಿ ಜ್ವರ ಅಲ್ಲ, ಸುಮ್ನೆ ವೈರಲ್ಲು, ಮನೆಗೆ ಹೋಗಿ ಮಲ್ಕೊಳ್ಳಿ ಅಂದ್ರು."

"ನನಗ್ಯಾಕೆ ಫೋನ್ ಮಾಡ್ಲಿಲ್ಲ?"

"ಅಲ್ಲ ಅಂತ ಅವರೇ ಅಂದ್ರಲ್ಲ! ನಿನ್ನ ಕೆಲಸ ಕೆಡಿಸೋದ್ಯಾಕೆ ಅಂತ ಇವ್ರೇ ಬೇಡ ಅಂದ್ರು."

ಎರಡನೇ ದಿನ! ಎರಡನೇ ದಿನಕ್ಕೆ ಆ ಪರೀಕ್ಷೆ ಮಾಡಿ, ಇಲ್ಲ ಎಂದು ಹೇಳಿ ಕಳಿಸುವವರು ಯಾರು? ಜ್ವರ ಬಂದು ವಾರ ಕಳೆದವರಲ್ಲಿ ಆ ಸ್ಟ್ರಿಪ್ಪು ನೂರಕ್ಕೆ ತೊಂಬತ್ತೈದು ಸಲ ಸರಿಯಾಗಿ ಹಿಡಿಯುತ್ತದೆ. ಆದರೆ ಮೊದಲ ನಾಲ್ಕೈದು ದಿನ ಬಹಳಷ್ಟು ರೋಗಿಗಳ ರಕ್ತದಲ್ಲಿ ಅದು ಹಿಡಿಯಬೇಕಾದ ಪ್ರತಿಕಾಯಗಳು ಇನ್ನೂ ಹುಟ್ಟಿರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ರೋಗಿಗಳನ್ನು ಆರೋಗ್ಯವಂತರೆಂದು ತೋರಿಸಿಬಿಡುತ್ತದೆ. ಅವಳ ಪ್ರಬಂಧದ ಮೊದಲ ಕೋಷ್ಟಕದಲ್ಲಿ ಮೊದಲಿನ ಮಾತಿತ್ತು. ಎರಡನೇ ಕೋಷ್ಟಕದಲ್ಲಿ ಎರಡನೇ ಮಾತಿತ್ತು. ಸಾಲದೆಂದು ಸಾರಾಂಶದ ಕೊನೆಯ ವಾಕ್ಯವಾಗಿಯೂ ಬರೆದಿದ್ದಳು: ಮೊದಲ ವಾರದಲ್ಲಿ ಈ ಪರೀಕ್ಷೆಯನ್ನು ನಂಬಿ ಯಾರನ್ನೂ ಮನೆಗೆ ಕಳಿಸಬಾರದು.

ಭಾವನನ್ನು ಆಗಲೇ ಡಯಾಲಿಸಿಸ್ ಕೋಣೆಗೆ ಒಯ್ದಿದ್ದರು. ಅವಳು ನೇರವಾಗಿ ತುರ್ತು ಚಿಕಿತ್ಸೆಯ ವಿಭಾಗಕ್ಕೆ ನಡೆದಳು. ಅಲ್ಲಿ ಪ್ರಯೋಗಾಲಯದ ಕಿಟಕಿಯ ಪಕ್ಕ, ಪ್ಲಾಸ್ಟಿಕ್ ಹೊದಿಸಿದ ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಇಲಿ ಜ್ವರದ ಶಂಕೆ, ಕೆಳಗೊಂದು ಬಾಣ. ಸ್ಟ್ರಿಪ್ ಪರೀಕ್ಷೆ, ಕೆಳಗೆರಡು ಬಾಣ. ಎರಡು ಗೆರೆ ಬಂದರೆ ದಾಖಲಿಸಿ. ಒಂದೇ ಗೆರೆ ಬಂದರೆ ಇಲಿ ಜ್ವರ ಇಲ್ಲ, ಮನೆಗೆ ಕಳಿಸಿ. ಜ್ವರ ಬಂದು ಎಷ್ಟು ದಿನವಾಯಿತು ಎಂಬ ಪ್ರಶ್ನೆ ಹಾಳೆಯ ಮೇಲೆ ಎಲ್ಲಿಯೂ ಇರಲಿಲ್ಲ. ಕಟ್ಟಕಡೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ: ನಿಖರತೆ ಶೇಕಡಾ ತೊಂಬತ್ತೈದು. ಆಧಾರ ಎಂದು ಬರೆದು ಮುಂದೆ ಅವಳ ಹೆಸರು, ಪ್ರಕಟವಾದ ವರ್ಷ.

ಅವಳು ಅದನ್ನು ಎರಡು ಸಲ ಓದಿದಳು.

"ಏನ್ ಬೇಕಿತ್ತು ಮೇಡಂ?" ಎಂದು ಅಲ್ಲಿದ್ದ ಡಾಕ್ಟರು ಕೇಳಿದ. ಬೆಳಗಿನಿಂದ ಕೂತಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

"ಇದನ್ನ ಯಾರು ಬರೆದಿದ್ದು?"

"ಸ್ಟ್ಯಾಂಡರ್ಡ್ ಚಾರ್ಟ್ ಅದು. ಆರೋಗ್ಯ ಇಲಾಖೆಯಿಂದ ಬಂದಿರೋದು. ಎಲ್ಲಾ ಆಸ್ಪತ್ರೇಲೂ ಇದೆ."

"ಇದು ತಪ್ಪು."

"ಪೇಪರ್ ಇದೆ ಮೇಡಂ ಅದಕ್ಕೆ. ಕೆಳಗೆ ನೋಡಿ."

"ಆ ಪೇಪರ್ ಓದಿದೀರಾ?"

"ಎಷ್ಟೋ ಜನ ತಮ್ಮ ಪೇಪರಲ್ಲಿ ಸೈಟ್ ಮಾಡಿದಾರೆ ಅದನ್ನ..."

"ಓದಿದೀರಾ ಅಂತ ಕೇಳ್ದೆ."

ಡಾಕ್ಟರು ಬೆಂಚಿನ ಕಡೆ ಕೈ ತೋರಿಸಿದ. "ನೋಡಿ, ಇಲ್ಲಿ ಕ್ಯೂ ಎಷ್ಟಿದೆ ನೋಡಿದ್ರಾ? ಪೇಪರ್ ಓದ್ತಾ ಕೂರೋಕೆ ಯಾರಿಗಿದೆ ಟೈಮು? ಅಷ್ಟು ಗೊತ್ತಿದ್ರೆ ಆ ಪೇಪರ್ ಬರೆದವರನ್ನೇ ಹೋಗಿ ಕೇಳಿ."

"ಬರೆದವಳು ನಾನೇ!" ಎಂದು ಕಡ್ಡಿ ಕೂಗಿದಳು. ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಇತ್ತ ತಿರುಗಿದರು. "ನಾನೇ ಬರೆದಿದ್ದು! ಮೊದಲನೇ ವಾರ ಇದನ್ನ ನಂಬಬೇಡಿ ಅಂತ ಬರೆದಿದ್ದೆ. ನನ್ನ ಹೆಸರು ಹಾಕ್ಕೊಂಡು ನನ್ನ ಭಾವನ್ನೇ ಮನೆಗೆ ಕಳಿಸಿದ್ರಲ್ಲ!"

ಹಾಳೆಯ ಅಂಚಿಗೆ ಉಗುರು ಹಾಕಿ ಎಳೆದಳು. ಗೋಡೆಯ ಸುಣ್ಣದ ಸಮೇತ ಅದು ಕಿತ್ತು ಬಂತು. ಕಾವಲಿನವನು ಓಡಿಬಂದು ಅವಳನ್ನು ಹೊರಗೆ ಕರೆದೊಯ್ದ. ಮರುದಿನ ಬೆಳಿಗ್ಗೆ ಅವಳು ಬಂದು ನೋಡಿದಾಗ ಅದೇ ಜಾಗದಲ್ಲಿ ಅದೇ ಹಾಳೆಯ ಹೊಸ ಪ್ರತಿ ಕೂತಿತ್ತು, ಈ ಸಲ ನಾಲ್ಕು ಮೂಲೆಗೂ ಮೊಳೆ ಹೊಡೆದು.

ಅಷ್ಟರಲ್ಲಿ ಗಲಾಟೆಯ ಸುದ್ದಿ ಅಕ್ಕನ ಕಿವಿಗೂ ಬಿದ್ದಿತ್ತು.

"ನಿನ್ನ ಹೆಸರಿದೆಯಂತಲ್ಲೇ ಆ ಹಾಳೇಲಿ?" ಎಂದು ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಕೇಳಿದಳು.

"ಅಕ್ಕಾ, ನಾನು ಹಾಗೆ ಬರೆದಿಲ್ಲ. ಅವರು..."

"ಹೆಸರಿದೆಯೋ ಇಲ್ವೋ?"

"ಇದೆ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತೆಗೆದಳು. "ಆ ಪ್ರಬಂಧ ಬಂದ ದಿನ ನೀನು ಫೋನ್ ಮಾಡಿದ್ದೆ. ಇವ್ರು ಪಂಪ್‌ಹೌಸಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದಿದ್ರು, ನನ್ನ ನಾದಿನಿ ಇಲಿ ಜ್ವರಕ್ಕೆ ಟೆಸ್ಟು ಬರೆದಿದಾಳೆ, ಇನ್ಮೇಲೆ ನಮಗೇನೂ ಭಯ ಇಲ್ಲ ಅಂತ. ಅದನ್ನೇ ನಂಬ್ಕೊಂಡು ಉದ್ದಣ್ಣನೂ ಮನೆಗೆ ಹೋಗಿ ಮಲಗಿದ." ಅವಳು ತಂಗಿಯ ಮುಖ ನೋಡಲಿಲ್ಲ. "ಇವತ್ತು ಬೆಳಿಗ್ಗೆ ಹೋಗ್ಬಿಟ್ಟನಂತೆ. ಇವರಿಗೆ ಇನ್ನೂ ಹೇಳಿಲ್ಲ."

ಕಡ್ಡಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

ಮುಂದಿನ ದಿನಗಳನ್ನು ಅವಳು ಆ ಬೆಂಚಿನ ಮೇಲೆಯೇ ಕಳೆದಳು. ಒಳಗೆ ಭಾವನ ರಕ್ತ ಯಂತ್ರದಲ್ಲಿ ಸುತ್ತುತ್ತಿತ್ತು. ಹೊರಗೆ ಅವಳು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತನ್ನನ್ನು ಉಲ್ಲೇಖಿಸಿದವರೆಲ್ಲರ ಬರಹವನ್ನು ಒಂದೊಂದಾಗಿ ತೆರೆದು ಓದುತ್ತಿದ್ದಳು. ಈವರೆಗೆ ಆ ಸಂಖ್ಯೆಯನ್ನು ನೋಡಿದ್ದಳೇ ಹೊರತು ಅದರ ಒಳಗೆ ಏನಿದೆ ಎಂದು ಇಣುಕಿರಲಿಲ್ಲ, ಯಾರು ಇಣುಕುತ್ತಾರೆ? ಈಗ ಇಣುಕಿದಂತೆಲ್ಲ ಅದೇ ಅದೇ ಮಾತು ಕಣ್ಣಿಗೆ ಬಿತ್ತು. 'ಈ ಪರೀಕ್ಷೆ ಶೇಕಡಾ ತೊಂಬತ್ತೈದರಷ್ಟು ನಿಖರ.' 'ಅತ್ಯಂತ ನಿಖರವೆಂದು ಸಾಬೀತಾಗಿದೆ.' 'ಜ್ವರದ ಯಾವುದೇ ಹಂತದಲ್ಲಿ ನಂಬಬಹುದು.' ಯಾವುದೇ ಹಂತದಲ್ಲಿ! ಪ್ರತಿ ವಾಕ್ಯದ ಬಾಲಕ್ಕೂ ಅವಳ ಹೆಸರು. ಕೆಲವರು ಅವಳ ಹೆಸರಿನ ಕಾಗುಣಿತವನ್ನೇ ತಪ್ಪು ಬರೆದಿದ್ದರು, ಎಲ್ಲರೂ ಒಂದೇ ಥರದ ತಪ್ಪು. ಅಂದರೆ ಒಬ್ಬರನ್ನು ನೋಡಿ ಒಬ್ಬರು ಬರೆದದ್ದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ಎರಡನೇ ಕೋಷ್ಟಕದ ಸುದ್ದಿ ಎತ್ತಿದವರು ಬೆರಳೆಣಿಕೆಯಷ್ಟು ಜನ.

ಮೊದಲು ಎತ್ತು ಈಯಿತು ಎಂದವರು ಯಾರು? ಅವಳು ಹಿಂದಕ್ಕೆ ಹಿಂದಕ್ಕೆ ಹೋದಳು. ಎಲ್ಲ ದಾರಿಗಳೂ ಒಂದು ಸಮೀಕ್ಷಾ ಲೇಖನಕ್ಕೆ ಬಂದು ಸೇರಿದವು. ಇಲಿ ಜ್ವರದ ಬಗ್ಗೆ ಅದುವರೆಗೆ ಬಂದ ಸಂಶೋಧನೆಯನ್ನೆಲ್ಲ ಕ್ರೋಡೀಕರಿಸಿ, ಅವಳ ಪ್ರಬಂಧ ಬಂದ ಮರುವರ್ಷ ಬರೆದದ್ದು ಅದು. ಅದರಲ್ಲಿ ದಿನಗಳ ಮಾತು ಬಿಟ್ಟುಹೋಗಿ ಬರೀ ತೊಂಬತ್ತೈದು ಉಳಿದಿತ್ತು. ಆರೋಗ್ಯ ಇಲಾಖೆಯ ಹಾಳೆಗೂ ಅದೇ ಮೂಲ. ಬರೆದವರ ಹೆಸರಿಗೆ ಬಂದಾಗ ಅವಳು ಲ್ಯಾಪ್‌ಟಾಪನ್ನು ರಪ್ಪೆಂದು ಮುಚ್ಚಿದಳು. ಪಕ್ಕದಲ್ಲಿ ತೂಕಡಿಸುತ್ತಿದ್ದ ಅಕ್ಕ ಬೆಚ್ಚಿಬಿದ್ದಳು.

ಬರೆದವರು ಸಹಿ ಸಾಹೇಬರು. ಅವಳ ಪ್ರಬಂಧಕ್ಕೂ ಸಹಿ ಹಾಕಿದವರು, ಅದನ್ನು ತಿರುಚಿದ ಲೇಖನಕ್ಕೂ ಸಹಿ ಹಾಕಿದವರು.

ಮರುದಿನ ಅವರ ಕೋಣೆಯ ಬಾಗಿಲನ್ನು ತಟ್ಟದೆಯೇ ಅವಳು ಒಳಗೆ ಹೋದಳು.

"ಬನ್ನಿ ಬನ್ನಿ, ನಿಮ್ಮ ಭಾವ ಹೇಗಿದಾರೆ?"

"ಸರ್, ನಮ್ಮ ಪೇಪರ್‌ನ ಎರಡನೇ ಟೇಬಲ್‌ನಲ್ಲಿ ಏನಿದೆ?"

"ಯಾವ ಪೇಪರು?"

"ಸಾವಿರ ದಾಟಿದ್ದು. ಕೊನೇಲಿ ನಿಮ್ಮ ಹೆಸರಿರೋದು."

ಅವರು ನಕ್ಕರು. "ಏನಮ್ಮಾ, ವೈವಾ ತಗೊಳ್ತಾ ಇದೀರಾ?"

"ಹೇಳಿ ಸರ್."

ನಗು ಅರ್ಧಕ್ಕೆ ನಿಂತಿತು. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಅವಳು ತನ್ನ ಪ್ರಬಂಧವನ್ನೂ ಆ ಸಮೀಕ್ಷಾ ಲೇಖನವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಎರಡು ಸಾಲುಗಳ ಮೇಲೆ ಬೆರಳಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು. ಓದಿ, ಕನ್ನಡಕ ಇಳಿಸಿದರು.

"ಈ ರಿವ್ಯೂ ನನ್ನ ಸ್ಟೂಡೆಂಟ್ ಬರೆದಿದ್ದು. ಏನೋ ಕಣ್ತಪ್ಪಾಗಿದೆ."

"ಹೆಸರು ನಿಮ್ಮದಿದೆ."

"ನೋಡಿ, ಆಯ್ತು. ಅದಕ್ಕೇನೀಗ? ಮುಂದಿನ ತಿಂಗಳು ಕಮಿಟಿ ಬರ್ತಾ ಇದೆ. ನಿಮ್ಮ ಪ್ರಮೋಷನ್ ಫೈಲೂ ಅವರ ಮುಂದೆ ಹೋಗುತ್ತೆ. ಈಗ ನಾವೇ ಎದ್ದು ನಿಂತು, ನಮ್ಮನ್ನ ಸೈಟ್ ಮಾಡಿದವರೆಲ್ಲ ತಪ್ಪು ಮಾಡಿದಾರೆ ಅಂತ ಡಂಗುರ ಹೊಡ್ಕೊಳ್ಳೋದಾ? ಸೈಟೇಶನ್ ಅಂದ್ರೆ ಸೈಟೇಶನ್. ಹೊಗಳಿ ಬರೆದ್ರೂ ಒಂದು, ಬೈದು ಬರೆದ್ರೂ ಒಂದು, ತಪ್ಪಾಗಿ ಬರೆದ್ರೂ ಒಂದು. ಎಣಿಸೋ ಮಿಷನ್‌ಗೆ ಕಣ್ಣಿಲ್ಲ."

"ಮಿಷನ್‌ಗಿಲ್ಲ ಸರಿ. ನಿಮಗೆ?"

"ಮಾತು ಹಿಡಿತದಲ್ಲಿರ್ಲಿ!" ಅವರ ಮುಖ ಕೆಂಪಾಯಿತು. "ಇಷ್ಟು ಪೇಪರ್‌ಗೆ ನನ್ನ ಹೆಸರಿದೆ. ಎಲ್ಲಾ ಓದ್ತಾ ಕೂತ್ರೆ ಈ ಸಂಸ್ಥೆ ನಡೆಸೋರು ಯಾರು?"

"ಓದಕ್ಕಾಗಲ್ಲ ಅಂದ್ರೆ ಹೆಸರು ಹಾಕಬೇಡಿ. ಪಂಪ್‌ಹೌಸಿನವನೊಬ್ಬ ಸತ್ತಿದಾನೆ ಸರ್. ಅವನಿಗೆ ಜ್ವರ ಬಂದ ಎರಡನೇ ದಿನ ಟೆಸ್ಟ್ ಮಾಡಿ ಮನೆಗೆ ಕಳಿಸಿದ್ರು. ಈ ಸಾಲು ನಂಬಿ." ಅವಳು ಬೆರಳಿನಿಂದ ಆ ಸಾಲನ್ನು ಕುಟ್ಟಿದಳು. "ನಿಮ್ಮ ಈ ಸಾಲು!"

ಸಹಿ ಸಾಹೇಬರು ಕಿಟಕಿಯ ಕಡೆ ತಿರುಗಿ, "ಕಮಿಟಿ ಹೋದ ಮೇಲೆ ನೋಡೋಣ," ಎಂದರು. ಅವಳು ಪ್ರಬಂಧಗಳನ್ನು ಅಲ್ಲಿಯೇ ಬಿಟ್ಟು ಹೊರಬಂದಳು.

ನೋಡೋಣ ಎಂದವರನ್ನು ಕಾದು ಕೂರುವ ಜಾಯಮಾನ ಅವಳದಲ್ಲ. ಸಮೀಕ್ಷೆ ಪ್ರಕಟಿಸಿದ ಪತ್ರಿಕೆಗೆ ಬರೆದಳು. ಲೇಖಕರು ಕೇಳಿಕೊಳ್ಳದೆ ತಿದ್ದುಪಡಿ ಹಾಕಲಾಗದು ಎಂದು ಉತ್ತರ ಬಂತು. ತನ್ನ ಪ್ರಬಂಧ ಪ್ರಕಟಿಸಿದ ಪತ್ರಿಕೆಗೆ ಬರೆದಳು. ನಿಮ್ಮ ಪ್ರಬಂಧದಲ್ಲಿ ತಪ್ಪೇನೂ ಇಲ್ಲವಲ್ಲ, ಮತ್ತೆ ತಿದ್ದುವುದೇನನ್ನು ಎಂದರು. ಉಲ್ಲೇಖಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಬರೆದಳು. ಬಹಳ ಜನ ಉತ್ತರಿಸಲಿಲ್ಲ. ಒಬ್ಬ ಮಹಾಶಯ, 'ನಮ್ಮ ಕೆಲಸದಲ್ಲಿ ನಿಮಗಿರುವ ಆಸಕ್ತಿಗೆ ಧನ್ಯವಾದ' ಎಂದು ಬರೆದು, ಅದರ ಜೊತೆಗೆ ತನ್ನ ಇನ್ನೊಂದು ಪ್ರಬಂಧ ಕಳಿಸಿದ್ದ, ಸಾಧ್ಯವಾದರೆ ಉಲ್ಲೇಖಿಸಿ ಎಂಬ ಕೋರಿಕೆಯೊಂದಿಗೆ. ಅದನ್ನು ಓದಿ ಅವಳು ಕುರ್ಚಿಯನ್ನು ಒದ್ದಳು. ಕಾಲಿನ ಹೆಬ್ಬೆರಳು ಊದಿಕೊಂಡದ್ದೊಂದೇ ಲಾಭ.

ಕೊನೆಗೆ ಆರೋಗ್ಯ ಇಲಾಖೆಗೇ ಹೋದಳು. ಹಾಳೆಗಳ ಹೊಣೆ ಹೊತ್ತಿದ್ದ ಅಧಿಕಾರಿ ಸಭ್ಯ ಮನುಷ್ಯ. ಕೂರಿಸಿ ನೀರು ಕೊಟ್ಟ, ತಾಳ್ಮೆಯಿಂದ ಕೇಳಿದ.

"ನೀವು ಹೇಳೋದು ಸರಿ ಇರಬಹುದು ಮೇಡಂ. ಆದ್ರೆ ಚಾರ್ಟ್ ಬದಲಾಯಿಸಬೇಕು ಅಂದ್ರೆ ನಮಗೆ ಆಧಾರ ಬೇಕು. ಯಾವ ಪೇಪರ್ ತೋರಿಸ್ಲಿ?"

"ಅದೇ ಪೇಪರು."

"ಅಲ್ಲ, ಈಗಿರೋದಕ್ಕೆ ವಿರುದ್ಧವಾಗಿ ಹೇಳೋ ಪೇಪರು."

"ಅದೇ ಪೇಪರು ಸ್ವಾಮೀ! ಅದೇ! ಪುಟ ತಿರುಗಿಸಿ!"

ಅವನು ತಿರುಗಿಸಿದ. ಬಹಳ ಹೊತ್ತು ನೋಡಿದ. "ಇದು ಮೇಲಿನವರಿಗೆ ಕಳಿಸಬೇಕಾಗುತ್ತೆ," ಎಂದ. "ಯಾರಾದ್ರೂ ದೊಡ್ಡ ತಜ್ಞರು ಒಂದು ಮಾತು ಬರೆದುಕೊಟ್ರೆ ಬೇಗ ಆಗುತ್ತೆ." ಬರೆದವಳೇ ಎದುರಿಗೆ ಕೂತಿದ್ದಾಳೆ, ಇನ್ನೊಬ್ಬ ತಜ್ಞ ಬೇಕಂತೆ. ಅವಳು ಕೋಪವನ್ನು ಆ ಲೋಟದ ನೀರಿನ ಜೊತೆ ನುಂಗಿದಳು.

ಮೌಲ್ಯಮಾಪನ ಸಮಿತಿ ಬಂತು. ಮೂವರು ಸದಸ್ಯರು, ಅವರ ನಡುವೆ ಅಧ್ಯಕ್ಷರು: ಇಲಿ ಜ್ವರವೂ ಸೇರಿದಂತೆ ಹತ್ತಾರು ಸೋಂಕುಗಳ ಮೇಲೆ ಹೆಸರು ಮಾಡಿದ ಹಿರಿಯ ಪ್ರಾಧ್ಯಾಪಕರು. ಪಕ್ಕದಲ್ಲಿ ಸಹಿ ಸಾಹೇಬರು, ಇಸ್ತ್ರಿ ಮುರಿಯದ ಕೋಟಿನಲ್ಲಿ. ಕಡ್ಡಿಯ ಸರದಿ ಬಂದಾಗ ಅಧ್ಯಕ್ಷರು ಅವಳ ಫೈಲು ತೆರೆದು ಹುಬ್ಬೇರಿಸಿದರು.

"ಸಾವಿರಕ್ಕಿಂತ ಹೆಚ್ಚು ಸೈಟೇಶನ್. ಬಹಳ ಸಂತೋಷ. ಈ ಪೇಪರ್‌ನಿಂದ ಸಮಾಜದ ಮೇಲೆ ಏನು ಪರಿಣಾಮ ಆಗಿದೆ ಅಂತ ಒಂದೆರಡು ಮಾತಲ್ಲಿ ಹೇಳ್ತೀರಾ?"

"ಹೇಳ್ತೀನಿ ಸರ್. ಕಾಯಿಲೆ ಇರೋರನ್ನ ಕಾಯಿಲೆ ಇಲ್ಲ ಅಂತ ಮನೆಗೆ ಕಳಿಸ್ತಾ ಇದಾರೆ. ನನಗೆ ಗೊತ್ತಿರೋ ಹಾಗೆ ಒಬ್ಬರು ಸತ್ತಿದಾರೆ. ಗೊತ್ತಿಲ್ಲದವರು ಎಷ್ಟೋ."

ಸಹಿ ಸಾಹೇಬರು ಕೆಮ್ಮಿದರು. "ಮನೇಲಿ ಸ್ವಲ್ಪ ತೊಂದರೆ ಇದೆ ಇವರಿಗೆ, ಹಾಗಾಗಿ..."

"ಮನೇಲಿ ತೊಂದರೆ ಇಲ್ಲ ಸರ್, ತೊಂದರೆ ಈ ಕೋಣೇಲಿದೆ." ಅವಳು ಚೀಲದಿಂದ ಒಂದು ಪ್ರಬಂಧ ತೆಗೆದು ಅಧ್ಯಕ್ಷರ ಮುಂದಿಟ್ಟಳು. "ಇದು ನೀವೇ ಬರೆದಿದ್ದು. ಎರಡನೇ ಪುಟದಲ್ಲಿ ನನ್ನ ಹೆಸರಿದೆ. ನಾನು ಹೇಳದೇ ಇರೋ ಮಾತನ್ನ ನಾನು ಹೇಳಿದೀನಿ ಅಂತ ಬರೆದಿದೀರಿ. ಇದು ನನ್ನದು. ಎರಡನೇ ಟೇಬಲ್ ನೋಡಿ."

ಅಧ್ಯಕ್ಷರು ಮೊದಲು ತಮ್ಮದನ್ನು ಓದಿದರು, ಆಮೇಲೆ ಅವಳದನ್ನು. ಓದುತ್ತ ಓದುತ್ತ ಅವರ ಕುತ್ತಿಗೆಯಿಂದ ಮೇಲಕ್ಕೆ ಕೆಂಪು ಏರಿತು.

"ಇಲ್ಲೇ ಇದೆಯಲ್ಲ," ಎಂದರು ಮೆಲ್ಲಗೆ.

"ಅಚ್ಚಾದ ದಿನದಿಂದ ಅಲ್ಲೇ ಇದೆ ಸರ್."

"ನಾನು ರಿವ್ಯೂ ನೋಡಿ ಬರೆದಿದ್ದು. ಮೂಲ ನೋಡಲಿಲ್ಲ." ಅವರು ಸಹಿ ಸಾಹೇಬರ ಕಡೆ ತಿರುಗಿದರು. "ರಿವ್ಯೂ ನಿಮ್ಮದಲ್ವೇನ್ರೀ? ಈ ಪೇಪರ್‌ಗೂ ನಿಮ್ಮ ಹೆಸರಿದೆ!"

ಸಹಿ ಸಾಹೇಬರು ಕೋಟಿನ ಗುಂಡಿ ಸರಿಮಾಡಿಕೊಳ್ಳತೊಡಗಿದರು.

ನ್ಯಾಯ ಸಿಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಧ್ಯಕ್ಷರು ತಮ್ಮ ಪಾಲಿನದನ್ನು ಮಾಡಿದರು: ತಮ್ಮ ಪ್ರಬಂಧವನ್ನು ತಿದ್ದಿದರು, ಆರೋಗ್ಯ ಇಲಾಖೆಗೆ ಖುದ್ದಾಗಿ ಬರೆದರು. ಅವರ ಒತ್ತಾಯಕ್ಕೆ ಸಹಿ ಸಾಹೇಬರೂ ಸಮೀಕ್ಷೆಗೆ ತಿದ್ದುಪಡಿ ಕೇಳಬೇಕಾಯಿತು. ಪತ್ರಿಕೆಯ ಯಾವುದೋ ಸಂಚಿಕೆಯ ಮೂಲೆಯಲ್ಲಿ ಅದು ನಾಲ್ಕು ಸಾಲಾಗಿ ಬಂತು. ಆದರೆ ಸಮಿತಿಯ ವರದಿಯಲ್ಲಿ ಮಾತ್ರ, 'ಸಂಸ್ಥೆಯ ಉಲ್ಲೇಖಗಳ ಸಂಖ್ಯೆ ಗಮನಾರ್ಹ' ಎಂದೇ ಇತ್ತು. ಸಂಸ್ಥೆಗೆ ಒಳ್ಳೆಯ ದರ್ಜೆ ಸಿಕ್ಕಿತು, ಸಹಿ ಸಾಹೇಬರಿಗೆ ಇನ್ನೊಂದು ಅವಧಿ ಸಿಕ್ಕಿತು. ಕಡ್ಡಿಯ ಬಡ್ತಿ ಬೇರೆಯವರಿಗೆ ಹೋಯಿತು. ಅವಳ ಪ್ರಯೋಗಾಲಯವನ್ನು ನೆಲಮಾಳಿಗೆಗೆ, ಮುರಿದ ಫ್ರಿಜ್ಜುಗಳ ಪಕ್ಕಕ್ಕೆ ಸಾಗಿಸಿದರು. ಗಾಜಿನ ಫಲಕ ಆವತ್ತು ಆಟೋದಲ್ಲೇ ಉಳಿದುಹೋಗಿತ್ತು. ಅವಳು ಹುಡುಕಲಿಲ್ಲ.

ಭಾವ ಬದುಕಿದ. ಮೂತ್ರಪಿಂಡಗಳು ನಿಧಾನವಾಗಿ ಕೆಲಸಕ್ಕೆ ಮರಳಿದವು; ಮೈಯಲ್ಲಿ ಎಲುಬು ಚರ್ಮ ಬಿಟ್ಟರೆ ಏನೂ ಉಳಿದಿರಲಿಲ್ಲ. ಉದ್ದಣ್ಣನ ಸುದ್ದಿ ತಿಳಿದ ದಿನ ಅವನು ಗೋಡೆಯ ಕಡೆ ತಿರುಗಿ ಮಲಗಿದವನು ಊಟಕ್ಕೂ ಏಳಲಿಲ್ಲ. ಅಕ್ಕ ತಂಗಿಯೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಂದು ಬೆಳಿಗ್ಗೆ ತರಕಾರಿ ಹೆಚ್ಚುತ್ತ, ತಲೆಯೆತ್ತದೆ ಕೇಳಿದಳು:

"ಅಷ್ಟೆಲ್ಲಾ ದೊಡ್ಡವರಿಗೆ ನೀನು ಹೇಳ್ದೆ. ಉದ್ದಣ್ಣನ ಹೆಂಡತಿಗೆ ಯಾರು ಹೇಳ್ತಾರೆ?"

ಕಡ್ಡಿ ಅಂದೇ ಹೋದಳು. ಪಂಪ್‌ಹೌಸಿನ ಹಿಂದಿನ ಬೀದಿಯಲ್ಲಿ ಒಂದು ಕೋಣೆಯ ಮನೆ. ಉದ್ದಣ್ಣನ ಹೆಂಡತಿ ಕುಳ್ಳಗಿನ ಗಟ್ಟಿಮುಟ್ಟಾದ ಹೆಂಗಸು. ಒಗೆದ ಬಟ್ಟೆ ಹಿಂಡುತ್ತಿದ್ದವಳು, ಹಿಂಡುತ್ತಲೇ ಎಲ್ಲವನ್ನೂ ಕೇಳಿದಳು. ಸ್ಟ್ರಿಪ್ಪು, ಎರಡನೇ ದಿನ, ಹಾಳೆ, ತಪ್ಪು.

"ಅಂದ್ರೆ ಅವತ್ತೇ ಔಷಧಿ ಕೊಟ್ಟಿದ್ರೆ ಬದುಕ್ತಿದ್ರಾ?"

"ಬದುಕೋ ಸಾಧ್ಯತೆ ಬಹಳ ಇತ್ತು."

"ಆ ಪಟ್ಟಿ ಅಷ್ಟು ಬೇಗ ಹಿಡಿಯಲ್ಲ ಅಂತ ಯಾರಿಗೂ ಗೊತ್ತಿರ್ಲಿಲ್ವಾ?"

"ನನಗೆ ಗೊತ್ತಿತ್ತು. ಬರೆದಿದ್ದೆ."

ಹೆಂಗಸು ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. "ಬರೆದು ಸುಮ್ನೆ ಕೂತ್ರಾ? ನಿಮ್ಮ ಭಾವ ಇಲ್ಲೇ ಈ ನೀರಲ್ಲೇ ಕೆಲಸ ಮಾಡ್ತಾರೆ. ಒಂದು ದಿನ ಬಂದು, ಅಣ್ಣಂದಿರಾ ಹೀಗೀಗೆ ಅಂತ ಬಾಯಲ್ಲಿ ಹೇಳೋಕೇನಾಗಿತ್ತು ನಿಮಗೆ? ಯಾರಿಗೋಸ್ಕರ ಬರೆದ್ರಿ ಅದನ್ನ?"

ನಿರ್ದೇಶಕರ ಎದುರು, ಅಧಿಕಾರಿಯ ಎದುರು, ಸಮಿತಿಯ ಎದುರು ಪಟಪಟನೆ ಆಡಿದ ನಾಲಿಗೆ ಈಗ ಆಡಲಿಲ್ಲ. ಕಡ್ಡಿ ತಲೆ ತಗ್ಗಿಸಿ ನಿಂತಳು.

"ಈಗ ಹೇಳ್ತೀನಿ," ಎಂದಳು ಕೊನೆಗೆ. "ಅವರೆಲ್ಲ ಸಿಗೋ ಹೊತ್ತು ಯಾವುದು?"

"ಪಾಳಿ ಬದಲಾಗೋ ಹೊತ್ತು. ನಡೀರಿ, ನಾನೂ ಬರ್ತೀನಿ." ಉದ್ದಣ್ಣನ ಹೆಂಡತಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

ಪಂಪ್‌ಹೌಸಿನ ಗೇಟಿನ ಮುಂದೆ, ಯಂತ್ರಗಳ ಗಡಗಡ ಸದ್ದಿನ ನಡುವೆ, ಹೊರಡುವವರೂ ಬರುವವರೂ ಗುಂಪಾಗಿ ನಿಂತರು. ಕಡ್ಡಿ ಹೇಳತೊಡಗಿದಳು: ಜ್ವರ ಬಂತು ಅಂದರೆ ಕೊಚ್ಚೆಯಲ್ಲಿ ಕೆಲಸ ಮಾಡುವವರು ನಾವು ಎಂದು ಡಾಕ್ಟರಿಗೆ ಮೊದಲು ಹೇಳಿ. ಮೊದಲ ವಾರ ಪಟ್ಟಿಯಲ್ಲಿ ಒಂದೇ ಗೆರೆ ಬಂದರೆ ನಂಬಬೇಡಿ, ಔಷಧಿ ಕೊಡಿ ಎಂದು ಕೇಳಿ. ಕಣ್ಣು ಕೆಂಪಾದರೆ, ಮೀನಖಂಡ ಹಿಡಿದುಕೊಂಡರೆ ಆಸ್ಪತ್ರೆ ಬಿಟ್ಟು ಮನೆಗೆ ಬರಲೇಬೇಡಿ. ಹಿಂದೆ ನಿಂತವನೊಬ್ಬ ಕೇಳಿಸ್ತಿಲ್ಲ ಎಂದು ಕೂಗಿದ. ಅವಳು ಮತ್ತೆ ಮೊದಲಿನಿಂದ, ಗಂಟಲು ಹರಿಯುವಂತೆ ಹೇಳಿದಳು.

ಮೇಸ್ತ್ರಿ ಹೊರಗೆ ಬಂದು, "ಏನಿದು ಸಂತೆ? ಕೆಲಸದ ಹೊತ್ತಲ್ಲಿ?" ಎಂದು ಗದರಿದ.

ಉದ್ದಣ್ಣನ ಹೆಂಡತಿ ಅವನ ಕಡೆ ತಿರುಗಿದಳು. "ಬಾರಪ್ಪಾ ನೀನೂ, ನಿನ್ನನ್ನೇ ಕಾಯ್ತಾ ಇದ್ವಿ. ಆ ದಿನ ಬರಿಗಾಲಲ್ಲಿ ನೀರಿಗಿಳಿಸಿದ್ದು ಯಾರು? ತೊಡೆಮಟ್ಟದ ಬೂಟು ಎಲ್ಲಿದೆ? ತೋರ್ಸು!"

"ಅದೆಲ್ಲ ಆಫೀಸಿನವರಿಗೆ..."

"ಆಫೀಸಿನವರಿಗೆ ನೀನು ಬರೆದಿದೀಯಾ, ಅವರು ಓದಿಲ್ವಾ? ಆ ಕಥೆ ಈಗಷ್ಟೇ ಕೇಳ್ಕೊಂಡು ಬಂದೆ ನಾನು. ಬೂಟು ತೋರ್ಸು ಅಂದೆ!"

ಗುಂಪು ಮೇಸ್ತ್ರಿಯ ಸುತ್ತ ಒತ್ತಿಕೊಂಡಿತು. ಕಡ್ಡಿ ಅವಳ ಪಕ್ಕಕ್ಕೆ ಹೋಗಿ ನಿಂತಳು.